ಪಕ್ಕದಲ್ಲಿ ಓಡುವವರನ್ನು ಕೇಳು

ಚಿ. ಪುಟ್ಟನಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಪತ್ರ ಬಂತು. ಮೊದಲ ಹಾಫ್ ಮ್ಯಾರಥಾನ್‌ಗೆ, ಅಂದರೆ 21.1 ಕಿಲೋಮೀಟರ್ ಓಟಕ್ಕೆ, ಹೆಸರು ಕೊಟ್ಟಾಗಿದೆ, ತಯಾರಿಯೂ ನಡೆದಿದೆ, ಆದರೆ ಆ್ಯಪ್‌ನಲ್ಲಿ ಮಿಕ್ಕವರ ಟೈಮಿಂಗ್ ನೋಡಿ ನೋಡಿ "ನಾನ್ಯಾಕೆ ಓಡಬೇಕು" ಅನ್ನಿಸಿಬಿಟ್ಟಿದೆ ಅಂತ ಬರೆದಿದ್ದೀಯ. ಮಿಕ್ಕವರನ್ನು ನೋಡು, ಅದರಲ್ಲಿ ತಪ್ಪೇನಿಲ್ಲ. ಆದರೆ ಇಷ್ಟು ದಿನ ನೀನು ನೋಡಿರುವುದು ಅವರ ಗಡಿಯಾರವನ್ನು ಮಾತ್ರ. ಅವರು ಬೆಳಗಿನ ನಾಲ್ಕೂವರೆಗೆ ಎದ್ದು ಯಾಕೆ ಬರುತ್ತಾರೆ ಅಂತ ಒಬ್ಬರನ್ನೂ ಕೇಳಿಲ್ಲ. ಅದನ್ನು ಕೇಳಲು ಶುರು ಮಾಡು.

ಕೇಳುವುದಕ್ಕೂ ಹೊತ್ತುಗೊತ್ತಿದೆ. ಸ್ಪೀಡ್ ವರ್ಕ್, ಅಂದರೆ ಜೋರಾಗಿ ಓಡುವ ಅಭ್ಯಾಸ, ಇರುವ ದಿನ ಯಾರನ್ನೂ ಮಾತಾಡಿಸಬೇಡ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಗುಂಪುಗುಂಪಾಗಿ ಲಾಂಗ್ ರನ್‌ಗೆ, ಅಂದರೆ ನಿಧಾನದ ದೂರದ ಓಟಕ್ಕೆ, ಬರುತ್ತಾರೆ. ಮೊದಲ ನಾಲ್ಕೈದು ಕಿಲೋಮೀಟರ್ ಎಲ್ಲರೂ ನಿಧಾನ, ಏದುಸಿರಿಲ್ಲದೆ ಪೂರ್ತಿ ವಾಕ್ಯ ಆಡಬಹುದು. ಆಗ ಕೇಳು. "ನಿಮ್ಮ ಬೆಸ್ಟ್ ಎಷ್ಟು ಸಾರ್?" ಅಂದರೆ ಒಂದು ಅಂಕಿ ಸಿಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ಓಡೋಕೆ ಶುರು ಮಾಡಿದ್ದು ಹೇಗೆ?" ಅಂತ ಕೇಳಿ ಸುಮ್ಮನಿದ್ದರೆ, ಅವರೇ ಹೇಳುತ್ತಾರೆ. ಸಕ್ಕರೆ ಕಾಯಿಲೆ ಅಂತ ಡಾಕ್ಟರು ಹೆದರಿಸಿದ್ದು, ಸಿಗರೇಟು ಬಿಡಬೇಕೆಂದು ಹಠ ಹಿಡಿದದ್ದು, ಮನೆಯಲ್ಲಿ ಯಾರನ್ನೋ ಕಳೆದುಕೊಂಡ ಮೇಲೆ ನಿದ್ದೆ ಬಾರದೆ ಹೊರಬಿದ್ದದ್ದು, ಇಡೀ ದಿನದಲ್ಲಿ ತನ್ನದು ಅಂತ ಇರುವುದು ಇದೊಂದೇ ಗಂಟೆ ಅನ್ನುವ ಹೆಂಗಸರು. ಊರ ಕಡೆ ತಾಲೂಕು ಕ್ರೀಡಾಂಗಣಕ್ಕೆ ಹೋದರೆ ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆ ತಯಾರಾಗುವ ಹುಡುಗರು ಸಿಗುತ್ತಾರೆ. ಅವರಿಗೆ ಇದು ಹವ್ಯಾಸವಲ್ಲ, ಮನೆಯ ಅನ್ನ. ಇಷ್ಟೆಲ್ಲ ಕೇಳಿದ ಮೇಲೆ "ನನ್ನ ಕಾರಣ ತೀರಾ ಚಿಕ್ಕದು" ಅಂತ ಕುಗ್ಗಬೇಡ. ಆಫೀಸಿನ ಕುರ್ಚಿಯಿಂದ ಬೆನ್ನು ನೋಯುತ್ತದೆ ಅನ್ನುವುದೂ ಕಾರಣವೇ.

ಕಾರಣ ಗೊತ್ತಿದ್ದರೆ ಉಪಕಾರವೂ ಆಗುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ನಿನ್ನ ಪಕ್ಕ ಓಡುತ್ತಿದ್ದಾರೆ ಅಂದುಕೋ. ಇದ್ದಕ್ಕಿದ್ದಂತೆ ಕೈ ನಡುಗಿ, ತಣ್ಣನೆ ಬೆವರು ಬಂದು, ಮಾತು ತಡವರಿಸಿದರೆ ಸಕ್ಕರೆ ಇಳಿದಿದೆ ಅಂತ ತಿಳಿ. ಓಟ ನಿಲ್ಲಿಸಿ ಕೂರಿಸು, ಮೂರು ಚಮಚ, ಅಂದರೆ ಸುಮಾರು 15 ಗ್ರಾಂ, ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಲ್ಲಿ ಕಲಸಿ ಕೊಡು, 15 ನಿಮಿಷ ಕಾದು ನೋಡು. ಸುಧಾರಿಸದಿದ್ದರೆ ಇನ್ನೊಮ್ಮೆ ಕೊಟ್ಟು ಸಹಾಯಕ್ಕೆ ಕರೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಆಂಬುಲೆನ್ಸೇ ಗತಿ.

ಒಬ್ಬರ ಓಟ ಇನ್ನೊಬ್ಬರನ್ನು ಎಲ್ಲಿಗೆ ಮುಟ್ಟಿಸುತ್ತದೆ ಅನ್ನುವುದಕ್ಕೆ ಟೆರ್ರಿ ಫಾಕ್ಸ್ ವಿಷಯ ನಿನಗೆ ಗೊತ್ತಿರಬೇಕು. ಕೆನಡಾದ ಹುಡುಗ. 1977ರಲ್ಲಿ, 18ನೇ ವಯಸ್ಸಿಗೆ, ಮೂಳೆ ಕ್ಯಾನ್ಸರಿನಿಂದ ಬಲಗಾಲನ್ನು ಮಂಡಿಯ ಮೇಲಕ್ಕೆ ತೆಗೆಯಬೇಕಾಯಿತು. ಆಪರೇಷನ್ನಿನ ಹಿಂದಿನ ರಾತ್ರಿ ಅವನ ಬಾಸ್ಕೆಟ್‌ಬಾಲ್ ಕೋಚ್ ಒಂದು ಪತ್ರಿಕೆ ತಂದುಕೊಟ್ಟರು. ಕೃತಕ ಕಾಲಿನಲ್ಲಿ 1976ರ ನ್ಯೂಯಾರ್ಕ್ ಮ್ಯಾರಥಾನ್ ಓಡಿದ ಡಿಕ್ ಟ್ರೌಮ್ ಅನ್ನುವವರ ಲೇಖನ ಅದರಲ್ಲಿತ್ತು. ಟೆರ್ರಿ ಅದನ್ನು ಓದಿ ಓಡುವ ಆಸೆ ಬೆಳೆಸಿಕೊಂಡ. ಕಾರಣ ಮಾತ್ರ ಟ್ರೌಮ್ ಅವರಿಂದ ಬಂದದ್ದಲ್ಲ, ಕ್ಯಾನ್ಸರ್ ವಾರ್ಡಿನಲ್ಲಿ ಪಕ್ಕದ ಹಾಸಿಗೆಗಳ ಎಳೆಯರು ನರಳುವುದನ್ನು ಕಂಡು ಹುಟ್ಟಿದ್ದು. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು 1980ರ ಏಪ್ರಿಲ್ 12ರಂದು ಕೆನಡಾದ ಪೂರ್ವ ತುದಿಯ ಸೇಂಟ್ ಜಾನ್ಸ್ ಊರಿನಿಂದ ಹೊರಟು ದಿನಕ್ಕೆ ಹತ್ತಿರಹತ್ತಿರ ಒಂದು ಮ್ಯಾರಥಾನಿನಷ್ಟು ದೂರ ಓಡಿದ. 143 ದಿನ, 5,373 ಕಿಲೋಮೀಟರ್. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ಥಂಡರ್ ಬೇ ಅನ್ನುವ ಊರಿನ ಹತ್ತಿರ ನಿಲ್ಲಿಸಬೇಕಾಯಿತು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡ. ಅವನ ಹೆಸರಿನ ಓಟ 1981ರಲ್ಲಿ ಶುರುವಾದದ್ದು ಇಂದಿಗೂ ಹಲವು ದೇಶಗಳಲ್ಲಿ ನಡೆಯುತ್ತದೆ.

ಇದನ್ನು ಓದಿ ನೋವು ನುಂಗಿಕೊಂಡು ಓಡಬೇಡ, ಹುಷಾರು. ಇಂಥ ಕಥೆಗಳ ಬಿಸಿಯಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು ಅದೇ. ಎರಡೂ ತೊಡೆ ಹಿಡಿದುಕೊಂಡಂತೆ ನೋಯುವುದು ಸ್ನಾಯುವಿನ ದಣಿವು, ಎರಡು ಮೂರು ದಿನದಲ್ಲಿ ಹೋಗುತ್ತದೆ. ಮುಂಗಾಲಿನ ಮೂಳೆಯ ಮೇಲೆ ಒಂದೇ ಬೆರಳಿಟ್ಟು "ಇಲ್ಲೇ" ಅಂತ ತೋರಿಸಬಹುದಾದ ನೋವು, ಓಡಿದಷ್ಟೂ ಹೆಚ್ಚಾಗಿ ರಾತ್ರಿ ಮಲಗಿದಾಗಲೂ ಕಾಡುವ ನೋವು, ಮೂಳೆ ಸೀಳು ಬಿಡುವ ಸೂಚನೆ. ಡಾಕ್ಟರಿಗೆ ತೋರಿಸುವವರೆಗೆ ಓಟ ಬಂದ್. ಎದೆ ಒತ್ತಿದಂತಾಗುವುದು, ತಲೆ ಸುತ್ತುವುದು ಆದರೆ ಅಲ್ಲೇ ನಿಂತು ಮೆಡಿಕಲ್ ಟೆಂಟಿನವರನ್ನು ಕರೆ. ಇನ್ನೊಬ್ಬರ ಜೆಲ್ಲು (ಓಡುವಾಗ ಶಕ್ತಿಗೆಂದು ಹೀರುವ ಸಿಹಿ ಪೊಟ್ಟಣ), ಇನ್ನೊಬ್ಬರು ಹೊಗಳಿದ ಶೂ ರೇಸಿನ ದಿನ ಮೊದಲ ಸಲ ಬಳಸಬೇಡ. ಒಂದು ಜೆಲ್ಲಿನಲ್ಲಿ ಇಪ್ಪತ್ತೈದು ಗ್ರಾಂ ಆಸುಪಾಸು ಸಕ್ಕರೆ ಪದಾರ್ಥ ಇರುತ್ತದೆ. ಅಭ್ಯಾಸವಿಲ್ಲದ ಹೊಟ್ಟೆ ನೀರಿಲ್ಲದೆ ಅದನ್ನು ತಾಳುವುದಿಲ್ಲ. ಪಕ್ಕದವರು ಕುಡಿದರು ಅಂತ ಪ್ರತಿ ಟೇಬಲ್ಲಿನಲ್ಲೂ ಲೋಟಗಟ್ಟಲೆ ನೀರು ಕುಡಿಯುವುದೂ ತಪ್ಪು, ರಕ್ತದ ಸೋಡಿಯಂ ತೆಳುವಾಗುತ್ತದೆ. ಬಾಯಾರಿದಷ್ಟು ಕುಡಿ.

ವೇಗದ ವಿಷಯಕ್ಕೂ ಇದೇ ಮಾತು. ಸ್ಟಾರ್ಟಿನಲ್ಲಿ ಡೋಲು, ಹಾಡು, ಸುತ್ತ ನೂರಾರು ಜನ. ಗುಂಪಿನ ಜೊತೆ ಹೋದರೆ ಮೊದಲ ಎರಡು ಕಿಲೋಮೀಟರ್ ಗೊತ್ತಿಲ್ಲದೆಯೇ ಕಿಲೋಮೀಟರಿಗೆ 20-30 ಸೆಕೆಂಡ್ ಜೋರಾಗುತ್ತದೆ, ಅದರ ಸಾಲ 16ನೇ ಕಿಲೋಮೀಟರಿನಲ್ಲಿ ತೀರಿಸಬೇಕು. ನಿನಗೆ ಎರಡೂವರೆ ಗಂಟೆಯ ಪೇಸರ್ ಬಸ್ಸು ಸರಿ, ಅಂದರೆ ಬಾವುಟ ಹಿಡಿದು ಅಷ್ಟೇ ಹೊತ್ತಿಗೆ ಮುಗಿಸುವಂತೆ ಒಂದೇ ವೇಗದಲ್ಲಿ ಓಡುವವರ ಹಿಂದಿನ ಗುಂಪು. 2:30 ಅಂದರೆ ಕಿಲೋಮೀಟರಿಗೆ 7 ನಿಮಿಷ 6 ಸೆಕೆಂಡು. ಬಾವುಟದವರಿಗಿಂತ ಎರಡು ನಿಮಿಷ ತಡವಾಗಿ ಗೆರೆ ದಾಟಿದರೆ ಅವರನ್ನು ಹಿಡಿಯಲು ಓಡಬೇಡ. ನೀನು ಗೆರೆ ದಾಟಿದ ಹೊತ್ತಿನಿಂದ ನಿನ್ನ ಲೆಕ್ಕವನ್ನು ಬಿಬ್ಬಿನ (ಎದೆಗೆ ಸಿಕ್ಕಿಸುವ ನಂಬರ್ ಚೀಟಿಯ) ಎಲೆಕ್ಟ್ರಾನಿಕ್ ಚಿಪ್ ಇಟ್ಟುಕೊಳ್ಳುತ್ತದೆ. ಹಿಡಿಯಲೇಬೇಕು ಅನ್ನಿಸಿದರೆ ಕಿಲೋಮೀಟರಿಗೆ 10 ಸೆಕೆಂಡಿನಂತೆ 12 ಕಿಲೋಮೀಟರ್ ಉದ್ದಕ್ಕೆ ಹಂಚು. ವಾಚನ್ನೂ ಪೂರ್ತಿ ನಂಬಬೇಡ. ರಸ್ತೆಯನ್ನು ಅತಿ ಹತ್ತಿರದ ಗೆರೆಯಲ್ಲಿ ಅಳೆದಿರುತ್ತಾರೆ, ನೀನು ಜನರನ್ನು ಬಳಸಿ, ನೀರಿನ ಟೇಬಲ್ಲಿಗೆ ಸರಿದು ಓಡುತ್ತೀಯ. ಮುಗಿಯುವ ಹೊತ್ತಿಗೆ ವಾಚಿನಲ್ಲಿ 21.1ರ ಬದಲು 21.4 ಬಂದರೆ, ಆ 300 ಮೀಟರ್‌ಗೆ ಎರಡು ನಿಮಿಷ ಬೇಕು.

ಇನ್ನೊಬ್ಬರ ಕಡೆ ಗಮನ ಕೊಟ್ಟರೆ ನಮ್ಮ ಓಟ ಕೆಡುತ್ತದೆ ಅನ್ನುವವರಿಗೆ 2018ರ ಬಾಸ್ಟನ್ ಮ್ಯಾರಥಾನನ್ನು ತೋರಿಸಬೇಕು. ಕೊರೆಯುವ ಚಳಿ, ಮಳೆ, ಎದುರುಗಾಳಿ. ಅಮೆರಿಕದ ಓಟಗಾರ್ತಿ ಡೆಸಿರೇ ಲಿಂಡೆನ್‌ಗೆ ಆರಂಭದಿಂದಲೇ ಮೈ ಸರಿಯಿರಲಿಲ್ಲ, ಮಧ್ಯದಲ್ಲೇ ಬಿಡುವ ಯೋಚನೆ. ಹೇಗೂ ಬಿಡುವುದಾದರೆ ಸಹಾಯವಾದರೂ ಮಾಡೋಣ ಅಂತ, ಗಾಳಿಗೆ ಅಡ್ಡ ನಿಲ್ಲಬೇಕಿದ್ದರೆ ಹೇಳು ಅಂದರು ತಮ್ಮದೇ ದೇಶದ ಓಟಗಾರ್ತಿ ಶಾಲೇನ್ ಫ್ಲಾನಗನ್‌ಗೆ. ಫ್ಲಾನಗನ್ ಶೌಚಕ್ಕೆ ನಿಂತಾಗ ಲಿಂಡೆನ್ ವೇಗ ತಗ್ಗಿಸಿ ಕಾದು, ಅವರನ್ನು ಮುಂದಿನ ಗುಂಪಿಗೆ ಸೇರಿಸಿದರು. ಆಮೇಲೆ ಇನ್ನೊಬ್ಬ ಅಮೆರಿಕನ್ ಓಟಗಾರ್ತಿ ಮಾಲಿ ಹಡಲ್‌ಗೂ ಹಾಗೇ ನೆರವಾದರು. ಅಷ್ಟರಲ್ಲಿ ತಾವೇ ಮುಂಚೂಣಿಗೆ ಬಂದಿದ್ದರು. 2:39:54ಕ್ಕೆ ಗೆದ್ದರು, 1985ರ ನಂತರ ಬಾಸ್ಟನ್ ಗೆದ್ದ ಮೊದಲ ಅಮೆರಿಕನ್ ಮಹಿಳೆ. ತನ್ನ ಕಾಲಿನ ಲೆಕ್ಕ ಬಿಟ್ಟು ಪಕ್ಕದವರ ಲೆಕ್ಕಕ್ಕೆ ಮನಸ್ಸು ಹೊರಳಿದಾಗ ಸಂಕಟ ಸ್ವಲ್ಪ ಹೊತ್ತು ಮರೆಯಾಗುತ್ತದೆ, ಆ ಸ್ವಲ್ಪ ಹೊತ್ತೇ ಹಲವು ಸಲ ಸಾಕಾಗುತ್ತದೆ.

ಇದನ್ನು ನೀನು ಹೀಗೆ ಬಳಸು. ಹದಿನಾಲ್ಕನೇ ಕಿಲೋಮೀಟರಿನವರೆಗೆ ಜನ, ಮಾತು, ಬೆಳಗಿನ ತಂಪು ನಡೆಸಿಕೊಂಡು ಹೋಗುತ್ತವೆ. ಆಮೇಲೆ ಬಿಸಿಲೇರುತ್ತದೆ, ಕಾಲು ಭಾರವಾಗುತ್ತದೆ. 15ರಿಂದ 20ರವರೆಗಿನ ಆರು ಕಿಲೋಮೀಟರನ್ನು ಆರು ಜನರಿಗೆ ಕೊಡು, ನೀನೇ ಮಾತಾಡಿಸಿ ಕಾರಣ ಕೇಳಿದವರಿಗೆ. ಔಷಧಿ ಅಂಗಡಿಯಲ್ಲಿ ಸಿಗುವ ಬಿಳಿ ಪ್ಲಾಸ್ಟರನ್ನು ಮಣಿಕಟ್ಟಿಗೆ ಸುತ್ತಿ, ಅದರ ಮೇಲೆ ಆರು ಹೆಸರಿನ ಮೊದಲ ಅಕ್ಷರ ಬರೆದುಕೋ. ಬಾಲ್‌ಪೆನ್ನಿನಲ್ಲಿ ಬರಿ, ಜೆಲ್ ಪೆನ್ನಿನ ಶಾಯಿ ಬೆವರಿಗೆ ಹರಡುತ್ತದೆ. ಬಿಬ್ಬಿನ ಹಿಂದೆ ಬರೆಯಲು ಹೋಗಬೇಡ, ಅಲ್ಲಿ ರಕ್ತದ ಗುಂಪು, ಅಲರ್ಜಿ, ಮನೆಯ ಫೋನ್ ನಂಬರ್ ಇರಬೇಕು. ಮನಸ್ಸನ್ನು ತುಂಬ ಕಲಕುವ ಕಾರಣವನ್ನು ಏರಿನ ಕಿಲೋಮೀಟರಿಗೆ ಇಡಬೇಡ. ಗಂಟಲು ಬಿಗಿದರೆ ಉಸಿರು ಸಿಕ್ಕುವುದಿಲ್ಲ, ಅದಕ್ಕೆ ಸಮತಟ್ಟಾದ ರಸ್ತೆ ಇರಲಿ. ಕೊನೆಯ ಕಿಲೋಮೀಟರ್ ನಿನ್ನದೇ.

ಈ ರೇಸು ಮುಗಿಸಿ, ಕಾಲು ಸುಧಾರಿಸಿದ ಮೇಲೆ, ಕಣ್ಣು ಕಾಣದವರ ಜೊತೆ ಗೈಡ್ ಆಗಿ ಓಡುವುದನ್ನು ಕಲಿ. ಇಬ್ಬರ ಕೈಗೂ ಒಂದು ಗಿಡ್ಡ ಪಟ್ಟಿ ಇರುತ್ತದೆ. ಅದನ್ನು ಎಳೆಯಬಾರದು, ಸಡಿಲ ಬಿಟ್ಟು ಅವರ ಕೈ ಬೀಸಿನ ಜೊತೆಗೇ ನಿನ್ನ ಕೈ ಬೀಸಬೇಕು. "ಹಂಪ್ ಇದೆ, ಮೂರು, ಎರಡು, ಒಂದು", "ಎಡಕ್ಕೆ ನಿಧಾನ ತಿರುವು", "ಮುಂದೆ ನೀರು ಚೆಲ್ಲಿದೆ" ಅಂತ ಮೊದಲೇ ಹೇಳುತ್ತಿರಬೇಕು. ಮಾತಾಡುತ್ತಲೇ ಓಡಬೇಕಾದ್ದರಿಂದ ಅವರಿಗಿಂತ ನಿನ್ನ ವೇಗ ಒಂದು ಹಿಡಿ ಜಾಸ್ತಿ ಇರಲೇಬೇಕು. ಮೊದಲ ಸಲ ಐದು ಕಿಲೋಮೀಟರ್ ಸಾಕು, ಅದೂ ರೇಸಿನಲ್ಲಲ್ಲ, ಪಾರ್ಕಿನಲ್ಲಿ. ಪ್ಯಾರಾ ಅಥ್ಲೆಟಿಕ್ಸ್ ನಿಯಮದಂತೆ ಗೆರೆಯನ್ನು ಓಟಗಾರರೇ ಮೊದಲು ದಾಟಬೇಕು, ಗೈಡ್ ಆಮೇಲೆ.

ರೇಸಿನ ದಿನ ಮೆಡಲ್ ಹಾಕಿಕೊಂಡ ತಕ್ಷಣ ಆಟೋ ಹತ್ತಬೇಡ. ಒಣ ಶರ್ಟು ಬದಲಿಸಿ, ಬಾಳೆಹಣ್ಣು ತಿಂದು, ಕಟ್-ಆಫ್ ತನಕ, ಅಂದರೆ ಓಟ ಮುಗಿಸಲು ಕೊಟ್ಟ ಕೊನೆಯ ಹೊತ್ತಿನ ತನಕ, ಫಿನಿಶ್ ಗೆರೆಯ ಹತ್ತಿರ ನಿಂತಿರು. ಕೊನೆಗೆ ಬರುವವರ ಹೆಸರು ಬಿಬ್ಬಿನ ಮೇಲೆ ಅಚ್ಚಾಗಿರುತ್ತದೆ, ಹೆಸರು ಹಿಡಿದು ಕೂಗು. ಅವರಲ್ಲಿ ಒಬ್ಬರಾದರೂ ಯಾಕೆ ಓಡಿದರು ಅಂತ ಕೇಳಿ ನನಗೆ ಬರಿ.

ಅಮ್ಮನಿಗೆ ನನ್ನ ನೆನಕೆ ತಿಳಿಸು.

ಇಂತಿ ನಿನ್ನ
ದೊಡ್ಡಮ್ಮ