ತೆಂಗಿನಕಾಯಿ ಸ್ಪರ್ಧೆಯಲ್ಲಿ ಸಿಕ್ಕ ಅಣ್ಣನಿಗೆ

ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್ ಸಮಯ, ಕೊಡಗಿನ ಗೋಣಿಕೊಪ್ಪ ಹತ್ತಿರ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಏರ್‌ಗನ್ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು ನೀವು. ಹೆಸರು ಕೇಳೋದನ್ನೇ ಮರೆತೆ.

ಅಭ್ಯಾಸದ ಮೂರು ಗುಂಡೂ ಮೂರು ದಿಕ್ಕಿಗೆ ಹೋಗಿದ್ದವು. "ಬಿಗಿಯಾಗಿ ಹಿಡೀಬೇಡಿ, ಅಂಗೈ ಮೇಲೆ ಸುಮ್ನೆ ಮಲಗಿಸಿ" ಎಂದಿರಿ. ನನ್ನ ಎಡಗೈ ಬೆರಳುಗಳನ್ನು ಒಂದೊಂದಾಗಿ ನೀವೇ ಬಿಡಿಸಿದಿರಿ. ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ ನುಗ್ಗುವಾಗ ಬಂದೂಕು ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಕುಲುಕುತ್ತದೆ. ಪೆಲೆಟ್, ಅಂದರೆ ಏರ್‌ಗನ್ನಿನ ಪುಟ್ಟ ಗುಂಡು, ಆಗ ಇನ್ನೂ ನಳಿಗೆಯಿಂದ ಹೊರಬಿದ್ದಿರುವುದಿಲ್ಲ. ಪ್ರತಿ ಸಲ ಒಂದೇ ರೀತಿ ಕುಲುಕಲು ಬಿಟ್ಟರೆ ಪೆಲೆಟ್ ಕೂಡ ಒಂದೇ ಕಡೆ ಹೋಗುತ್ತದೆ, ಅಲ್ವಾ? ಇಷ್ಟು ಸರಳವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ದಿನ ಬಹುಮಾನ ಬರಲಿಲ್ಲ. ಆದರೆ ಈಗ ಕಾಫಿ ಕಣದ ಅಂಚಿನಲ್ಲಿ, ಎತ್ತರದ ಮಣ್ಣಿನ ಬರೆಗೆ ರಟ್ಟು ಒರಗಿಸಿ 10 ಮೀಟರ್‌ನಿಂದ ಹೊಡೆಯುತ್ತೇನೆ. 4.5 ಮಿ.ಮೀ. ಪೆಲೆಟ್, ಐದಕ್ಕೆ ಐದೂ ಒಂದು ನಾಣ್ಯದಗಲದೊಳಗೆ! ನಳಿಗೆ ಮಡಚಿ, ಒಂದೊಂದೇ ಪೆಲೆಟನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸುವಾಗ ಮನಸ್ಸು ಎಷ್ಟು ತಣ್ಣಗಾಗುತ್ತದೆ ಗೊತ್ತಾ? ಮಗಳೂ ಕಲಿಯುತ್ತಿದ್ದಾಳೆ. ಅವಳ ಬೆರಳು ಬಿಡಿಸುವ ಕೆಲಸ ಈಗ ನನ್ನದು.

ತುಂಬಾ ಥ್ಯಾಂಕ್ಸ್ ಅಣ್ಣಾ. ಮುಂದಿನ ಕೈಲ್‌ಪೊಳ್ದಿಗೆ ಸಿಕ್ಕರೆ ಮನೆಗೆ ಬರಲೇಬೇಕು. ಕಡಂಬುಟ್ಟು, ಪಂದಿ ಕರಿ ಮಾಡಿಸಿರುತ್ತೇನೆ.