ಮಕ್ಕಳ ಆರೋಗ್ಯ ಮಾಹಿತಿ ಹಂಚಿಕೆ: ಸದಸ್ಯರ ಗಮನಕ್ಕೆ

ಬೆಂಗಳೂರಿನ ಎಲ್ಲ ಸದಸ್ಯ ಸಂಸ್ಥೆಗಳ ಮಿತ್ರರಿಗೆ ನಮಸ್ಕಾರ.

ಕಳೆದ ವಾರ ಈ ಗುಂಪಿನಲ್ಲಿ ಹುಡುಗನೊಬ್ಬನ ಔಷಧಿ ಚೀಟಿಯ ಫೋಟೊ, ಅವನ ಹೆಸರು ಮತ್ತು ಮಾತ್ರೆಗಳ ವಿವರ ಸ್ಪಷ್ಟವಾಗಿ ಕಾಣುವಂತೆಯೇ, ಬಂದಿತ್ತು. ಸಹಾಯದ ಉದ್ದೇಶದಿಂದಲೇ ಹಾಕಿದ್ದರೂ ಅದು ಆಗಬಾರದಿತ್ತು. ಬಾಲನ್ಯಾಯ ಕಾಯ್ದೆ, 2015ರ 74ನೇ ಕಲಂ ಆರೈಕೆ ಮತ್ತು ರಕ್ಷಣೆಯ ಅಗತ್ಯವಿರುವ ಇಂಥ ಮಕ್ಕಳ ಗುರುತು ಬಹಿರಂಗವಾಗುವುದನ್ನು ನಿಷೇಧಿಸುತ್ತದೆ. ದಯವಿಟ್ಟು ಆ ಫೋಟೊವನ್ನು ನಿಮ್ಮ ಫೋನಿನಿಂದ ಇಂದೇ ಅಳಿಸಿ.

ಹಾಗೆಂದು ಮಾಹಿತಿಯನ್ನು ನಮ್ಮಲ್ಲೇ ಇಟ್ಟುಕೊಳ್ಳುವುದೂ ಸರಿಯಲ್ಲ. ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಪಡೆಯುತ್ತಿರುವ ಹುಡುಗಿ ಬಾಲಮಂದಿರಕ್ಕೆ ಬಂದ ರಾತ್ರಿ, ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ಕೊಡಬೇಕೆಂದು ಅಲ್ಲಿನವರಿಗೆ ತಿಳಿಯದಿದ್ದರೆ ತೊಂದರೆ ಅನುಭವಿಸುವವಳು ಅವಳೇ. ಆದ್ದರಿಂದ ಇನ್ನು ಮುಂದೆ ಮಗುವಿಗೆ ಅರ್ಥವಾಗುವಂತೆ ವಿವರಿಸಿ, ಪೋಷಕರಿಂದ ಲಿಖಿತ ಒಪ್ಪಿಗೆ ಪಡೆದು, ಆರೈಕೆಗೆ ಬೇಕಾದಷ್ಟು ವಿವರವನ್ನು ಮಾತ್ರ ಸಂಬಂಧಪಟ್ಟ ಒಬ್ಬರಿಗೆ ನೇರವಾಗಿ ತಲುಪಿಸಬೇಕು.

ಜೀವಕ್ಕೆ ಅಪಾಯವಿದ್ದರೆ ಒಪ್ಪಿಗೆಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ದು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸಂಗತಿ ತಿಳಿದುಬಂದರೆ ಪೋಕ್ಸೊ ಕಾಯ್ದೆ, 2012ರ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ನಿಮ್ಮ ಸಂಸ್ಥೆಯಲ್ಲಿ ಈ ಮಾಹಿತಿ ಹಂಚಿಕೆಯ ಜವಾಬ್ದಾರಿ ಹೊರುವವರ ಹೆಸರನ್ನು ಶನಿವಾರದೊಳಗೆ, ಗುಂಪಿನಲ್ಲಿ ಹಾಕದೆ, ನನಗೆ ಪ್ರತ್ಯೇಕವಾಗಿ ಕಳುಹಿಸಬೇಕೆಂದು ವಿನಂತಿ.