ಕಾಲುವೆಯ ಕೊನೆ ಭಾಗದಿಂದ ಮಗಳಿಗೊಂದು ಪತ್ರ

ಮಾನ್ವಿ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ಬೇಜಾರಿನಲ್ಲಿದ್ದೆ. "ಅವ್ವಾ, ಅಂತರರಾಷ್ಟ್ರೀಯ ಸಂಬಂಧ ಅಂತ ದೊಡ್ಡ ಹೆಸರು. ಒಳಗೆ ನೋಡಿದರೆ ಬಲ ಇದ್ದವನದೇ ದರ್ಬಾರು" ಅಂದೆ. ವಾಸ್ತವವಾದ, ಅಂದರೆ ದೇಶಗಳ ನಡುವೆ ಬಲವೇ ಮುಖ್ಯ ಅನ್ನುವ ಸಿದ್ಧಾಂತ, ಓದಿದ ಎಲ್ಲರಿಗೂ ಕೆಲವು ದಿನ ಹೀಗೇ ಅನ್ನಿಸುತ್ತದೆ. ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳುವ ನನಗೂ ಆಗ ಸರಿಯಾಗಿ ಮಾತಾಡಲು ಆಗಲಿಲ್ಲ. ಪಕ್ಕದಲ್ಲಿ ನಿಮ್ಮಪ್ಪ ಇನ್ನೊಂದು ಫೋನಿನಲ್ಲಿ ಕಾಲುವೆ ಗೇಜ್ (ನೀರಿನ ಮಟ್ಟ) ಎಷ್ಟಿದೆ ಅಂತ ಕೂಗುತ್ತಿದ್ದರು. ಅದಕ್ಕೇ ಈ ಪತ್ರ.

ವಾಸ್ತವವಾದಿ ಕೆನೆತ್ ವಾಲ್ಟ್ಜ್ 1979ರಲ್ಲಿ ಬರೆದದ್ದು ಸುಳ್ಳಲ್ಲ. ದೇಶಗಳ ಮೇಲೆ ಇನ್ನೊಂದು ಸರ್ಕಾರ ಇಲ್ಲ. ಮೋಸ ಆಯಿತು ಅಂತ ದೂರು ಕೊಡಲು ಠಾಣೆ ಇಲ್ಲ. ಹಾಗಾಗಿ ತನ್ನ ರಕ್ಷಣೆ ತಾನೇ ನೋಡಿಕೊಳ್ಳಬೇಕು. ಒಬ್ಬರು ರಕ್ಷಣೆಗೆ ಅಂತ ಮಾಡಿದ್ದು ಪಕ್ಕದವರ ಕಣ್ಣಿಗೆ ದಾಳಿಯ ತಯಾರಿ. 1998ರ ಮೇ 11 ಮತ್ತು 13ರಂದು ನಾವು ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ಮಾಡಿದೆವು. ಮೇ 28ಕ್ಕೆ ಪಾಕಿಸ್ತಾನವೂ ಮಾಡಿತು. ಇದನ್ನೆಲ್ಲ ನೀನು ನನಗಿಂತ ಚೆನ್ನಾಗಿ ಬರೆಯುತ್ತೀಯ, ಬಿಡು.

ನನಗೆ ಕುತೂಹಲ ಇರುವುದು ಜನವರಿ 1ರ ಬಗ್ಗೆ. ಒಬ್ಬರ ಅಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು ಅಂತ ಭಾರತ, ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಕೊಂಡವು. ಅದರಂತೆ 1992ರಿಂದ ವರ್ಷಕ್ಕೊಮ್ಮೆ, ಹೊಸ ವರ್ಷದ ದಿನ, ಸ್ಥಾವರಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತವೆ. ಕಾರ್ಗಿಲ್ ಆದ ಮರುವರ್ಷವೂ ಕೊಟ್ಟವು. ಮುಂಬೈ ದಾಳಿ ಆಗಿ ತಿಂಗಳು ಚಿಲ್ಲರೆ ದಿನಕ್ಕೂ ಕೊಟ್ಟವು. ಪ್ರೀತಿಯಿಂದಲ್ಲ ಅಲ್ವಾ? ಇಬ್ಬರಿಗೂ ಲಾಭ ಇದೆ, ಖರ್ಚು ಕಡಿಮೆ, ಮುಂದಿನ ವರ್ಷ ಮತ್ತೆ ಇದೇ ಮುಖ ನೋಡಬೇಕು.

ರಾಜ್ಯಶಾಸ್ತ್ರಜ್ಞ ರಾಬರ್ಟ್ ಕಿಯೋಹೇನ್ 1984ರಲ್ಲಿ ಹೇಳಿದ್ದು ಸುಮಾರು ಇದನ್ನೇ. ಸ್ವಾರ್ಥಿ ದೇಶಗಳೂ ನಿಯಮ, ಸಂಸ್ಥೆ ಕಟ್ಟಿಕೊಳ್ಳುತ್ತವೆ. ಯಾರು ಏನು ಮಾಡುತ್ತಿದ್ದಾರೆ ಅಂತ ಗೊತ್ತಾದರೆ ಅನುಮಾನ ಕಡಿಮೆ ಆಗುತ್ತದೆ. ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರಿನಲ್ಲಿ ಕೈದಿಗಳ ಇಕ್ಕಟ್ಟಿನ ಪಂದ್ಯ (ಸಹಕರಿಸಿದರೆ ಇಬ್ಬರಿಗೂ ಒಳ್ಳೆಯದು, ಆದರೆ ಮೋಸ ಮಾಡಿದವನಿಗೆ ಆ ಸಲ ಹೆಚ್ಚು ಲಾಭ) ಇಟ್ಟಾಗ ಗೆದ್ದದ್ದು ಅನಟೋಲ್ ರಾಪೊಪೋರ್ಟ್ ಕಳಿಸಿದ, ಎಲ್ಲಕ್ಕಿಂತ ಚಿಕ್ಕ ಪ್ರೋಗ್ರಾಂ. ಮೊದಲು ಸಹಕರಿಸು. ಆಮೇಲೆ ಎದುರಿನವನು ಹೋದ ಸಲ ಏನು ಮಾಡಿದನೋ ಅದನ್ನೇ ಮಾಡು. ಸೇರಿಗೆ ಸೇರು, ಸವ್ವಾಸೇರಲ್ಲ.

ಇಲ್ಲಿಯವರೆಗೆ ಪುಸ್ತಕದ ಮಾತು. ಆದರೆ ಈ ಪಂದ್ಯದಲ್ಲಿ ಇಬ್ಬರ ಕೈಯಲ್ಲೂ ಸಮ ಅಸ್ತ್ರ ಇರುತ್ತದೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ನೋಡು. ಮೇಲಿನವರು ಭತ್ತ ಹಚ್ಚುತ್ತಾರೆ, ರಾತ್ರಿ ಪಂಪ್‌ಸೆಟ್ ಇಳಿಸುತ್ತಾರೆ. ನೀರು ಕಾಲುವೆಯ 69ನೇ ಮೈಲಿಗೆ, ನಮ್ಮ ಕಡೆಗೆ, ಬರುವಷ್ಟರಲ್ಲಿ ಗೇಜ್ ಬಿದ್ದಿರುತ್ತದೆ. ಅದಕ್ಕೆ ಪ್ರತಿಯಾಗಿ ಕೊನೆ ಭಾಗದ ನಾವು ಏನು ಮಾಡಬಹುದು? ನೀರು ಹಿಂದಕ್ಕೆ ಹರಿಯುವುದಿಲ್ಲ. ನಿಮ್ಮ ಸೋದರತ್ತೆಯ ಹೊಲ ಮೇಲೇ ಇದೆ. ಬೀಗತನ ಇದ್ದರೂ ತೂಬು ಮುಚ್ಚಿದ್ದಿಲ್ಲ! ಶತ್ರು, ಮಿತ್ರ ಅನ್ನುವುದೆಲ್ಲ ನಾವೇ ಕಟ್ಟಿಕೊಂಡದ್ದು ಅಂತ ಅಲೆಕ್ಸಾಂಡರ್ ವೆಂಟ್ ಹೇಳುತ್ತಾರಲ್ಲ, ಅವರು ಒಮ್ಮೆ ಬೇಸಿಗೆ ಬೆಳೆಗೆ ಇಲ್ಲಿ ಬರಬೇಕು. ಇರಲಿ. ನಾವು ರಸ್ತೆ ತಡೆ ಮಾಡಿದರೆ ಡಿಸಿ ಬರುತ್ತಾರೆ, ಕಾಲುವೆ ಮೇಲೆ ಪೊಲೀಸರು ನಿಲ್ಲುತ್ತಾರೆ. ನಮ್ಮ ಮೇಲೆ ಒಬ್ಬರಿದ್ದಾರೆ. ದೇಶಗಳಿಗೆ ಆ ಡಿಸಿಯೂ ಇಲ್ಲ. ಅದಕ್ಕೇ ಸಹಕಾರದ ಸಿದ್ಧಾಂತಕ್ಕೆ ನಿಜವಾದ ಪರೀಕ್ಷೆ ನದಿ ಅಂತ ನನ್ನ ಅಭಿಪ್ರಾಯ.

1960ರ ಸಿಂಧೂ ಒಪ್ಪಂದ ಹೇಗಾಯಿತು? ಮಧ್ಯೆ ವಿಶ್ವಬ್ಯಾಂಕ್ ಕೂತಿತು. ಸಿಂಧೂ, ಝೇಲಂ, ಚೀನಾಬ್ ಪಾಕಿಸ್ತಾನಕ್ಕೆ, ರಾವಿ, ಬಿಯಾಸ್, ಸಟ್ಲೆಜ್ ನಮಗೆ. ಅವರಿಗೆ ಬದಲಿ ಕಾಲುವೆ ಕಟ್ಟಲು ಭಾರತವೇ ಸುಮಾರು 6.2 ಕೋಟಿ ಪೌಂಡ್ ಕೊಟ್ಟಿತು. 1965, 1971ರ ಯುದ್ಧಗಳಲ್ಲೂ ಒಪ್ಪಂದ ಮುರಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಮರುದಿನ ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಗಡಿಯಾಚೆಯ ಭಯೋತ್ಪಾದನೆಗೆ ಬೆಂಬಲ ನಿಲ್ಲಲಿ, ಆಮೇಲೆ ನೋಡೋಣ ಅಂದಿತು. ಪಾಕಿಸ್ತಾನ ಎಷ್ಟೇ ತಕರಾರು ಮಾಡಿದರೂ ಜಾರಿ ಮಾಡಿಸುವವರು ಯಾರೂ ಇಲ್ಲ. ಇಲ್ಲಿ ವಾಲ್ಟ್ಜ್‌ಗೆ ಪೂರ್ತಿ ಅಂಕ ಕೊಡು. ಆದರೆ ಅಷ್ಟು ದಶಕ ಅದು ಹೇಗೆ ನಡೆಯಿತು ಅನ್ನುವುದಕ್ಕೆ ಅವರಲ್ಲಿ ಒಳ್ಳೆಯ ಉತ್ತರ ಇಲ್ಲ.

ಬ್ರಹ್ಮಪುತ್ರದ ವಿಷಯದಲ್ಲಿ ನಾವೇ ಕೊನೆ ಭಾಗದವರು. 2017ರಲ್ಲಿ ಡೋಕ್ಲಾಂನಲ್ಲಿ ಭಾರತ, ಚೀನಾ ಸೈನಿಕರ ಜಟಾಪಟಿ ನಡೆದ ಮಳೆಗಾಲದಲ್ಲಿ ಚೀನಾದಿಂದ ಪ್ರವಾಹದ ಮಾಹಿತಿಯೇ ಬರಲಿಲ್ಲ. ಮಾಪನ ಕೇಂದ್ರದ ಕೆಲಸ ನಡೆದಿದೆ ಅಂತ ಕಾರಣ ಕೊಟ್ಟರು. ಮರುವರ್ಷ ಮತ್ತೆ ಕೊಟ್ಟರು.

ನಿನ್ನ ಸೆಮಿನಾರಿಗೆ ನಾನಾಗಿದ್ದರೆ ಬಾಂಗ್ಲಾದೇಶದ ಜೊತೆಗಿನ ಗಂಗಾ ನೀರಿನ ಒಪ್ಪಂದ ತೆಗೆದುಕೊಳ್ಳುತ್ತಿದ್ದೆ. 1996ರ ಡಿಸೆಂಬರ್ 12ರಂದು ನಮ್ಮ ದೇವೇಗೌಡರು ಪ್ರಧಾನಿಯಾಗಿ ಶೇಖ್ ಹಸೀನಾ ಜೊತೆ ಸಹಿ ಹಾಕಿದ್ದು. 30 ವರ್ಷದ ಅವಧಿ, 2026ರ ಡಿಸೆಂಬರ್‌ವರೆಗೆ. ಜನವರಿಯಿಂದ ಮೇವರೆಗೆ, ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿನಲ್ಲಿ ಹರಿವು 70 ಸಾವಿರ ಕ್ಯೂಸೆಕ್‌ಗಿಂತ ಕಡಿಮೆ ಇದ್ದರೆ ಅರ್ಧ ಅರ್ಧ. ಮಾರ್ಚ್ 11ರಿಂದ ಮೇ 10ರವರೆಗೆ 10 ದಿನದ ಸರದಿ: ಒಂದು ಸರದಿಯಲ್ಲಿ ಒಬ್ಬರಿಗೆ 35 ಸಾವಿರ ಕ್ಯೂಸೆಕ್ ಖಾತ್ರಿ, ಮುಂದಿನದರಲ್ಲಿ ಇನ್ನೊಬ್ಬರಿಗೆ. ಫರಕ್ಕಾದಲ್ಲೂ ಬಾಂಗ್ಲಾದ ಹಾರ್ಡಿಂಜ್ ಸೇತುವೆಯಲ್ಲೂ ದಿನಾ ಹರಿವು ಅಳೆಯುವುದು ಎರಡೂ ದೇಶದ ಜಂಟಿ ಸಮಿತಿಯ ತಂಡ. ಇದನ್ನು ಓದಿ ಹೇಳಿದಾಗ ನಿಮ್ಮಪ್ಪ, "ನಮ್ಮ 69ನೇ ಮೈಲಿಗೂ ಹಿಂಗ ಮಾಡ್ರಿ ಅಂತ ಹೇಳು" ಅಂದರು.

ಕೆಳಗಿರುವ ಬಾಂಗ್ಲಾದೇಶ ಪ್ರತಿಯಾಗಿ ಏನು ಕೊಡಬಲ್ಲದು ಅನ್ನುವುದನ್ನು ನೀನು ಹುಡುಕಬೇಕು. ಬಾಂಗ್ಲಾದ ಮೂಲಕ ನಮ್ಮ ಈಶಾನ್ಯ ರಾಜ್ಯಗಳಿಗೆ ಹೋಗುವ ದಾರಿಯಿಂದ ಶುರು ಮಾಡು. ಮೊದಲ ಕರಡು ಕಳಿಸು, ಕೆಂಪು ಪೆನ್ನು ನನ್ನ ಹತ್ತಿರ ಇದ್ದೇ ಇದೆ.

ನಿನ್ನ
ಅವ್ವ